ಕ್ರಾಸ್ಡ್ ಪೋಲರೈಸರ್ ನಡುವೆ ಎಳೆ ಬೆಳ್ಳಗೆ ಕಾಣುತ್ತಿದೆ: ಅಕ್ರಿಲಿಕ್ಕೋ, ಪಾಲಿಯೆಸ್ಟರೋ?

ಪ್ರಶ್ನೆ:
ಅಂಟುಟೇಪಿನಿಂದ ಬಿಡಿಸಿದ ಬಣ್ಣವಿಲ್ಲದ ಒಂದೇ ಎಳೆ, ಮೈಕ್ರೋಸ್ಕೋಪಿನಲ್ಲಿ ಒಂದಕ್ಕೊಂದು ಅಡ್ಡಲಾಗಿಟ್ಟ ಎರಡು ಪೋಲರೈಸರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಫಿಲ್ಟರ್) ನಡುವೆ ಇಟ್ಟಿದ್ದೇನೆ. ಉದ್ದ 4 ಮಿ.ಮೀ., ಅಗಲ 20 ಮೈಕ್ರಾನ್. 45 ಡಿಗ್ರಿಗೆ ತಿರುಗಿಸಿದರೆ ನಡುಭಾಗ ಮಾಸಲು ಬಿಳಿ. ಬಣ್ಣ ನೋಡಿ ದ್ವಿವಕ್ರೀಭವನ (ಉದ್ದ ಮತ್ತು ಅಡ್ಡ ದಿಕ್ಕಿನ ವಕ್ರೀಭವನ ಸೂಚ್ಯಂಕಗಳ ವ್ಯತ್ಯಾಸ) ಅಂದಾಜಿಸುವ ಚಾರ್ಟಿನಲ್ಲಿ ಬಿಳಿ ಎಂದರೆ ಮೊದಲ, ಅಂದರೆ ಅತಿ ಕೆಳಗಿನ ಶ್ರೇಣಿ, ಹಾಗಾಗಿ ಅಕ್ರಿಲಿಕ್ ಎಂದುಕೊಂಡೆ. ಆದರೆ ಹೋಲಿಸಬೇಕಾದ ಬಟ್ಟೆ ಪಾಲಿಯೆಸ್ಟರ್. ತುದಿ ಸುಟ್ಟು ನೋಡಲೇ?

ಉತ್ತರ 1:
ಸುಡಬೇಡಿ, ಇರುವುದು ಒಂದೇ ಎಳೆ. ಚಾರ್ಟಿನಲ್ಲಿ ಬಿಳಿ ಎರಡು ಕಡೆ ಬರುತ್ತದೆ. ಪಾಲಿಯೆಸ್ಟರಿನ ದ್ವಿವಕ್ರೀಭವನ ಸುಮಾರು 0.17; 20 ಮೈಕ್ರಾನ್ ದಪ್ಪಕ್ಕೆ 3400 ನ್ಯಾನೋಮೀಟರ್ ರಿಟಾರ್ಡೇಶನ್ (ಎಳೆ ದಾಟುವಾಗ ಬೆಳಕಿನ ಒಂದು ಕಿರಣ ಇನ್ನೊಂದಕ್ಕಿಂತ ಹಿಂದೆ ಬೀಳುವ ದೂರ). ಅಷ್ಟು ಮೇಲಿನ ಶ್ರೇಣಿಯಲ್ಲಿ ಬಣ್ಣಗಳೆಲ್ಲ ಕಲೆತು ಬಿಳಿಯಾಗುತ್ತವೆ. ಅಕ್ರಿಲಿಕ್ 0.003ರ ಆಸುಪಾಸು, ಅಂದರೆ 60 ನ್ಯಾನೋಮೀಟರ್: ಅದು ಬಿಳಿಯೇ ಅಲ್ಲ, ಕಪ್ಪಿಗೆ ಹತ್ತಿರದ ಬೂದು.

ರಿಟಾರ್ಡೇಶನ್ನಿಗೆ 530 ನ್ಯಾನೋಮೀಟರ್ ಕೂಡಿಸುವ ಅಥವಾ ಕಳೆಯುವ ಫುಲ್‌ವೇವ್ ಪ್ಲೇಟ್ ತೂರಿಸಿ. ಅಕ್ರಿಲಿಕ್ ಆದರೆ ಬಣ್ಣ ಥಟ್ಟನೆ ಬದಲಾಗುತ್ತದೆ, ಪಾಲಿಯೆಸ್ಟರ್ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ದುಂಡನೆಯ ಎಳೆಯಾದರೆ ಅಂಚುಗಳನ್ನೂ ಗಮನಿಸಿ: ಅಲ್ಲಿ ದಪ್ಪ ಇಳಿಯುವುದರಿಂದ ಒತ್ತೊತ್ತಾದ ಬಣ್ಣದ ಗೆರೆಗಳು ಕಾಣಬೇಕು.

ಉತ್ತರ 2:
ಅನಲೈಸರ್ (ಎಳೆಯ ಮೇಲಿನ ಪೋಲರೈಸರ್) ತೆಗೆದು ಬೆಕೆ ಗೆರೆಯನ್ನೂ (ಎಳೆಯ ಅಂಚಿನಲ್ಲಿ ಕಾಣುವ ಹೊಳೆಯುವ ಗೆರೆ) ನೋಡಿಬಿಡಿ. 1.52 ವಕ್ರೀಭವನ ಸೂಚ್ಯಂಕದ ಮೌಂಟಿಂಗ್ ದ್ರವದಲ್ಲಿ ಎಳೆ ಪೋಲರೈಸರಿಗೆ ಸಮಾನಾಂತರವಾಗಿದ್ದಾಗ ಪಾಲಿಯೆಸ್ಟರ್ (ಸುಮಾರು 1.72) ಅಂಚು ಎದ್ದು ಕಾಣುತ್ತದೆ, ಅಡ್ಡಕ್ಕೆ ತಿರುಗಿಸಿದರೆ (1.54) ಮಸುಕಾಗುತ್ತದೆ. ಅಕ್ರಿಲಿಕ್ ಎರಡೂ ದಿಕ್ಕಿನಲ್ಲಿ ಮಾಯವಾದಂತೆಯೇ. ನಿಮ್ಮ ಪೋಲರೈಸರಿನ ದಿಕ್ಕು ಯಾವುದೆಂದು ಮೊದಲೇ ಖಚಿತಪಡಿಸಿಕೊಳ್ಳಿ. ಎಡವುವುದು ಹೆಚ್ಚಾಗಿ ಇಲ್ಲೇ.

ಪ್ರಶ್ನೆ:
ಪ್ಲೇಟ್ ಹಾಕಿದರೂ ಬಿಳಿ ಹಾಗೇ ಇದೆ, ಬೆಕೆ ಗೆರೆಯೂ ಪಾಲಿಯೆಸ್ಟರ್ ಎನ್ನುತ್ತದೆ. ಆದರೆ ಕಾಂಪೆನ್ಸೇಟರಿನಲ್ಲಿ (ರಿಟಾರ್ಡೇಶನ್ ಅಳೆಯುವ ಸಾಧನ) ಅಳೆದರೆ ಬರುವ ದ್ವಿವಕ್ರೀಭವನ 0.12.

ಉತ್ತರ 1:
ರಿಟಾರ್ಡೇಶನ್ ಭಾಗಿಸಿದ್ದು ಅಗಲದಿಂದ ತಾನೆ? ಎಳೆ ಮೂರು ಮೂಲೆಯದ್ದೋ ಚಪ್ಪಟೆಯೋ ಆಗಿದ್ದರೆ ಅಗಲವೇ ದಪ್ಪವಲ್ಲ. ಕವರ್‌ಸ್ಲಿಪ್ ಮೆಲ್ಲಗೆ ಸರಿಸಿ ಎಳೆಯನ್ನು ಉರುಳಿಸಿ. ಅಗಲ ಏರಿಳಿದರೆ ಅದೇ ಕಾರಣ. ಅಗಲ ಬದಲಾಗದಿದ್ದರೆ, ಕಾಂಪೆನ್ಸೇಟರ್ ಎಳೆಯ ರಿಟಾರ್ಡೇಶನ್ ಸರಿದೂಗಿಸಿದಾಗ ಕಾಣುವ ಕಪ್ಪು ಗೆರೆಯನ್ನು ತಪ್ಪಾಗಿ ಗುರುತಿಸಿರಬಹುದು. ಬಿಳಿ ಬೆಳಕಿನಲ್ಲಿ ಪಕ್ಕದ ಗೆರೆಯೂ ಕಪ್ಪಾಗಿ ಕಂಡು ಮೋಸ ಮಾಡುತ್ತದೆ. ಓರೆಯಾಗಿ ಕತ್ತರಿಸಿದ ತುದಿ ಇದ್ದರೆ ಅಲ್ಲಿ 546 ನ್ಯಾನೋಮೀಟರ್ ಫಿಲ್ಟರ್ ಹಾಕಿ ಗೆರೆಗಳನ್ನು ಎಣಿಸಿ.

ಉತ್ತರ 2:
ಇನ್‌ಫ್ರಾರೆಡ್ ಕೊನೆಗಿರಲಿ. ಅದಕ್ಕಾಗಿ ಎಳೆಯನ್ನು ರೋಲರಿನಲ್ಲಿ ಚಪ್ಪಟೆ ಮಾಡಿದ ಮೇಲೆ ದಪ್ಪವೂ ಇಲ್ಲ, ದ್ವಿವಕ್ರೀಭವನವೂ ಇಲ್ಲ. ಅರ್ಧ ಮಿ.ಮೀ. ತುಂಡು ಸಾಕು: ಸ್ಪೆಕ್ಟ್ರಮ್ಮಿನಲ್ಲಿ 1715 cm⁻¹ ಬಳಿ ಕಾರ್ಬೊನಿಲ್ ಬಂದರೆ ಪಾಲಿಯೆಸ್ಟರ್, 2240ರಲ್ಲಿ ನೈಟ್ರೈಲ್ ಬಂದರೆ ಅಕ್ರಿಲಿಕ್.

ಇಷ್ಟಾದರೂ ಗೊತ್ತಾಗುವುದು ಜಾತಿ ಮಾತ್ರ. ಬಣ್ಣವಿಲ್ಲದ ಪಾಲಿಯೆಸ್ಟರ್ ಎಲ್ಲೆಲ್ಲೂ ಸಿಗುವ ವಸ್ತು, ಹೋಲಿಕೆಗೆ ಹಿಡಿತ ಕಡಿಮೆ. ಬಟ್ಟೆಯ ಬೇರೆ ಬೇರೆ ಜಾಗದಿಂದ ಎಳೆ ತೆಗೆದು, ಅದೇ ದ್ರವದಲ್ಲಿ ಕೂರಿಸಿ, ಕಂಪ್ಯಾರಿಸನ್ ಮೈಕ್ರೋಸ್ಕೋಪಿನಲ್ಲಿ ಅಡ್ಡಕೊಯ್ತದ ಆಕಾರ, ಟೈಟಾನಿಯಂ ಡೈಆಕ್ಸೈಡ್ ಕಣಗಳ ದಟ್ಟಣೆ, ನೇರಳಾತೀತ ಬೆಳಕಿನಲ್ಲಿ ಹೊಳಪು ಈ ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿ.