ಆಯಿಗೆ ಗುರುವಾರ ಬಾಯಿಯ ಬಯಾಪ್ಸಿ (ಪರೀಕ್ಷೆಗೆ ಚೂರು ತೆಗೆಯುವುದು), ಹೋಗುವ ಮುಂಚೆ ಏನು ತಿಳಿದಿರಬೇಕು?

ನಮ್ಮದು ಶಿರಸಿ ಹತ್ತಿರದ ಹಳ್ಳಿ. ಆಯಿಗೆ 61 ವರ್ಷ, ಮೊದಲಿಂದಲೂ ಕವಳ (ಎಲೆ ಅಡಿಕೆ) ಹಾಕುತ್ತಾಳೆ, ಹೊಗೆಸೊಪ್ಪು ಸೇರಿಸಿಯೇ. ಎಡ ಕೆನ್ನೆಯೊಳಗೆ, ಕವಳ ಒತ್ತಿಟ್ಟುಕೊಳ್ಳುವ ಜಾಗದಲ್ಲೇ ಬಿಳಿ ಕಲೆ, ನಡುವೆ ಕೆಂಪು ಹುಣ್ಣು. ಸಾರು ತಾಗಿದರೆ ಉರಿ. ಹಲ್ಲಿನ ಡಾಕ್ಟರು ಚೂಪಾಗಿದ್ದ ಹಲ್ಲು ಉಜ್ಜಿ ಎರಡು ವಾರ ಕಾದರು, ಮಾಯಲಿಲ್ಲ. ದೊಡ್ಡಪ್ಪ "ಕತ್ತಿ ತಾಗಿದರೆ ಹಬ್ಬುತ್ತದೆ, ಸುಮ್ನೆ ಬಿಡಿ" ಅನ್ನುತ್ತಿದ್ದಾರೆ. ಆಯಿ ಹೆದರಿ ಊಟವನ್ನೇ ಕಡಿಮೆ ಮಾಡಿದ್ದಾಳೆ.

ಉತ್ತರ (ದಾವಣಗೆರೆಯಿಂದ):
ಗುರುವಾರ ತಪ್ಪಿಸಬೇಡಿ. ಇದೇ ಮಾತು ಕೇಳಿ ನಾವು ಅಪ್ಪನನ್ನು ನಾಲ್ಕು ತಿಂಗಳು ಮನೆಯಲ್ಲೇ ಇಟ್ಟುಕೊಂಡೆವು, ನೆನೆದರೆ ಈಗಲೂ ಸಂಕಟ ಆಗುತ್ತದೆ. ಮರಗಟ್ಟುವ ಇಂಜೆಕ್ಷನ್ ಚುಚ್ಚಿದಾಗ ಅಪ್ಪ ನನ್ನ ಕೈ ಹಿಡಿದುಕೊಂಡರು, ಆಮೇಲೆ ನೋವೇ ಗೊತ್ತಾಗಲಿಲ್ಲವಂತೆ. ತೆಗೆದದ್ದು ಕಡಲೆಬೇಳೆಯಷ್ಟು ಚೂರು, ಹಾಕಿದ್ದು ಎರಡು ಹೊಲಿಗೆ. ಅರ್ಧ ಗಂಟೆ ಗಾಜ್ ಬಟ್ಟೆ ಕಚ್ಚಿಕೊಂಡು ಕೂತಿದ್ದು ಮನೆಗೆ ಬಂದೆವು. ಎರಡು ದಿನ ಆರಿದ ಗಂಜಿ, ಮಜ್ಜಿಗೆ ಅನ್ನ ಕೊಡಿ. ಖಾರ, ಬಿಸಿ ಬೇಡ. ಉಪ್ಪುನೀರಿನಲ್ಲಿ ಮುಕ್ಕಳಿಸುವುದು ಮಾರನೇ ದಿನದಿಂದ, ಅದೂ ಮೆಲ್ಲಗೆ.

ಉತ್ತರ (ಹಲ್ಲಿನ ಡಾಕ್ಟರು, ಹುಬ್ಬಳ್ಳಿ):
ಚೂರು ತೆಗೆದರೆ ಕ್ಯಾನ್ಸರ್ ಹಬ್ಬುವುದಿಲ್ಲ, ದೊಡ್ಡಪ್ಪನವರಿಗೆ ನಾನು ಹೇಳಿದೆ ಅಂತಲೇ ಹೇಳಿ. ತಡ ಮಾಡುವುದೇ ಅಪಾಯ. ಕಲೆ ಇದ್ದ ಮಾತ್ರಕ್ಕೆ ಕ್ಯಾನ್ಸರ್ ಅಂತಲೂ ಅಲ್ಲ, ಆದರೆ ಬಿಳಿಯ ಜೊತೆ ಕೆಂಪು ಇರುವುದನ್ನು ಕಣ್ಣಲ್ಲಿ ನೋಡಿ ತೀರ್ಮಾನಿಸಲು ಆಗುವುದಿಲ್ಲ. ರಕ್ತ ತೆಳುವಾಗುವ ಮಾತ್ರೆ, ಸಕ್ಕರೆ ಕಾಯಿಲೆ ಇದ್ದರೆ ಇವತ್ತೇ ಫೋನ್ ಮಾಡಿ ತಿಳಿಸಿ, ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಬರೀ ಆ ಜಾಗಕ್ಕೆ ಮಾತ್ರ ಮರಗಟ್ಟಿಸುವುದಾದರೆ ಊಟ ಮಾಡಿಕೊಂಡೇ ಹೋಗಬಹುದು, ಒಮ್ಮೆ ಕೇಳಿಕೊಳ್ಳಿ. ರಿಪೋರ್ಟ್‌ನಲ್ಲಿ "ಡಿಸ್‌ಪ್ಲೇಸಿಯಾ" ಅಂತಿದ್ದರೆ ಅದು ಕ್ಯಾನ್ಸರ್‌ಗೆ ಮುಂಚಿನ ಹಂತ, ಎಷ್ಟು ತೀವ್ರ ಅಂತ ಕೇಳಿ. ಕವಳ ಈಗಲೇ ನಿಲ್ಲಲಿ. ಹೊಗೆಸೊಪ್ಪು ಬಿಟ್ಟು ಬರೀ ಎಲೆ ಅಡಿಕೆ ಹಾಕುತ್ತೇನೆ ಅಂದರೂ ಬೇಡ, ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ಅಡಿಕೆ ತೋಟದವರಿಗೆ ಇದು ಕಷ್ಟದ ಮಾತು, ಗೊತ್ತು.

ಉತ್ತರ (ಬೆಂಗಳೂರಿನಿಂದ):
ತೆಗೆದ ಚೂರಿನ ಸ್ಲೈಡ್ ಮತ್ತು ಅದನ್ನು ಇಟ್ಟಿರುವ ಮೇಣದ ಬ್ಲಾಕ್ ಕೇಳಿ ಇಸಿದುಕೊಳ್ಳಿ. ಮುಂದೆ ಇಲ್ಲಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರಬೇಕಾದರೆ ಅವರು ಅದನ್ನೇ ಮತ್ತೆ ನೋಡುತ್ತಾರೆ. ಬಿಪಿಎಲ್ ಕಾರ್ಡ್, ಆಧಾರ್ ಜೊತೆಗಿರಲಿ.

ಕೇಳಿದವರು:
ತುಂಬಾ ಉಪಕಾರ. ಆಯಿಗೆ ಎಲ್ಲ ಓದಿ ಹೇಳಿದೆ. "ಕಡಲೆಬೇಳೆಯಷ್ಟೇ ಹೌದಾ?" ಅಂತ ಎರಡು ಸಲ ಕೇಳಿದಳು. ದೊಡ್ಡಪ್ಪನನ್ನೂ ಕರೆದುಕೊಂಡೇ ಹೋಗುತ್ತೇವೆ.