ಎಣ್ಣೆ ತೆಗೆದ ತೌಡಿನಲ್ಲಿ ಕೋಳಿಗೆ ದಕ್ಕುವ ಶಕ್ತಿ ಎಷ್ಟು?

ಪ್ರಶ್ನೆ: ಮೊಟ್ಟೆಕೋಳಿ ಸಾಕಣೆದಾರ, ದಾವಣಗೆರೆ

ನಮ್ಮ ಫಾರ್ಮಿನ ಆಹಾರವನ್ನು ನಾವೇ ಮಿಶ್ರಣ ಮಾಡಿಕೊಳ್ಳುತ್ತೇವೆ. ಮೆಕ್ಕೆಜೋಳದ ಬೆಲೆ ಏರಿದ್ದರಿಂದ, ಅದರ ಒಂದು ಪಾಲಿಗೆ ಬದಲಾಗಿ ಎಣ್ಣೆ ತೆಗೆದ ಅಕ್ಕಿ ತೌಡನ್ನು ಹಾಕಬಹುದೇ ಎಂದು ತಿಳಿಯಲು ಎರಡರ ಮಾದರಿಯನ್ನೂ ಒಂದು ಪ್ರಯೋಗಾಲಯಕ್ಕೆ ಕಳುಹಿಸಿದ್ದೆ. ಬಾಂಬ್ ಕ್ಯಾಲೊರಿಮೀಟರಿನ ವರದಿಯಲ್ಲಿ ಮೆಕ್ಕೆಜೋಳಕ್ಕೆ ಕಿಲೋಗೆ 3,900, ತೌಡಿಗೆ 3,700 ಕಿಲೋ ಕ್ಯಾಲೊರಿ ಎಂದಿದೆ. ವ್ಯತ್ಯಾಸ ಇಷ್ಟು ಕಡಿಮೆಯಿದ್ದರೂ, ತೌಡು ಹೆಚ್ಚಿಸಿದ ಮೇಲೆ ಕೋಳಿಗಳು ಹೆಚ್ಚು ತಿನ್ನುತ್ತಿವೆ, ಹಿಕ್ಕೆಯೂ ಹೆಚ್ಚಾಗಿದೆ. ಕಾರಣವೇನು?

ಉತ್ತರ: ಪಶು ಆಹಾರ ವಿಜ್ಞಾನದ ನಿವೃತ್ತ ಅಧ್ಯಾಪಕ

ಆ ವರದಿ ಹೇಳುತ್ತಿರುವುದು ಸುಟ್ಟಾಗ ಹೊರಬರುವ ಒಟ್ಟು ಶಾಖವನ್ನು. ಭತ್ತದ ಹೊಟ್ಟು ಕೂಡ ಒಲೆಯಲ್ಲಿ ಚೆನ್ನಾಗಿ ಉರಿಯುತ್ತದೆ, ಆದರೆ ಕೋಳಿಯ ಹೊಟ್ಟೆಯಲ್ಲಿ ಅದರಿಂದ ದಕ್ಕುವುದು ಏನೂ ಇಲ್ಲವೆನ್ನುವಷ್ಟು ಕಡಿಮೆ. ನಮಗೆ ಬೇಕಾದದ್ದು ಚಯಾಪಚಯ ಶಕ್ತಿ, ಅಂದರೆ ತಿಂದ ಆಹಾರದ ಶಕ್ತಿಯಿಂದ ಹಿಕ್ಕೆಯಲ್ಲಿ ಹೊರಹೋದ ಶಕ್ತಿಯನ್ನು ಕಳೆದು ಉಳಿಯುವ ಪಾಲು. ಕೋಳಿಯಲ್ಲಿ ಮಲಮೂತ್ರಗಳು ಒಟ್ಟಿಗೇ ಬರುವುದರಿಂದ ಈ ಲೆಕ್ಕ ದನಕರುಗಳಿಗಿಂತ ಸುಲಭ.

ತೌಡೊಂದನ್ನೇ ಕೋಳಿ ತಿನ್ನುವುದಿಲ್ಲವಾದ್ದರಿಂದ, ಶಕ್ತಿ ಗೊತ್ತಿರುವ ಮೂಲ ಆಹಾರಕ್ಕೆ ಅದನ್ನು ಬೆರೆಸಿ ಪರೀಕ್ಷಿಸಬೇಕು. ಮೂಲ ಆಹಾರದ್ದು ಕಿಲೋಗೆ 2,900 ಕಿಲೋ ಕ್ಯಾಲೊರಿ, ಅದನ್ನು ಶೇ. 60 ಮತ್ತು ತೌಡನ್ನು ಶೇ. 40 ಹಾಕಿದ ಮಿಶ್ರಣದ್ದು 2,500 ಬಂದಿತೆನ್ನಿ: 2,500ರಿಂದ ಮೂಲ ಆಹಾರದ ಪಾಲಾದ 1,740 ಕಳೆದು 0.4ರಿಂದ ಭಾಗಿಸಿದರೆ ತೌಡಿನದು 1,900 ಆಗುತ್ತದೆ. ಇಲ್ಲಿ ಎಚ್ಚರ ಬೇಕು. ಮಿಶ್ರಣದ ಅಳತೆಯಲ್ಲಿ 50 ತಪ್ಪಿದರೆ ತೌಡಿನ ಲೆಕ್ಕದಲ್ಲಿ 125 ತಪ್ಪುತ್ತದೆ, ತೌಡನ್ನು ಶೇ. 20 ಮಾತ್ರ ಬೆರೆಸಿದ್ದರೆ 250.

ಉತ್ತರ: ಪ್ರಯೋಗಾಲಯದ ಸಹಾಯಕಿ

ಸರ್ ಹೇಳಿದ ಆ 50 ಎಲ್ಲಿ ತಪ್ಪುತ್ತದೆ ಎಂಬುದನ್ನು ನಾನು ದಿನವೂ ನೋಡುತ್ತೇನೆ. ಹಿಕ್ಕೆ ಹಿಡಿಯಲು ಪಂಜರದ ಕೆಳಗಿಟ್ಟ ತಟ್ಟೆಯಲ್ಲಿ ಬಿದ್ದ ಪುಕ್ಕ, ಚೆಲ್ಲಿದ ಕಾಳಿನ ನುಚ್ಚು ಇವನ್ನು ಚಿಮಟದಿಂದ ಒಂದೊಂದಾಗಿ ಆರಿಸಿ ತೆಗೆಯಬೇಕು. ಹಿಕ್ಕೆಯನ್ನು ಒಣಗಿಸಲು ತಡಮಾಡಿದರೆ ಅದು ಹುಳಿತು ಶಕ್ತಿ ಕಳೆದುಕೊಳ್ಳುತ್ತದೆ. ಆಗ ಆಹಾರ ಇರುವುದಕ್ಕಿಂತ ಉತ್ತಮವೆಂದು ತೋರುತ್ತದೆ. ಇದಲ್ಲದೆ, ದೇಹದಲ್ಲಿ ಉಳಿದ ಪ್ರತಿ ಗ್ರಾಂ ಸಾರಜನಕಕ್ಕೆ 8.22 ಕಿಲೋ ಕ್ಯಾಲೊರಿ ಕಳೆಯುವುದು ವಾಡಿಕೆ. ಹಾಗೆ ಮಾಡದಿದ್ದರೆ ಬೆಳೆಯುವ ಮರಿಯ ಅಂಕಿಯನ್ನೂ ವಯಸ್ಕ ಹುಂಜದ ಅಂಕಿಯನ್ನೂ ಹೋಲಿಸಲಾಗದು.

ಮರುಪ್ರಶ್ನೆ: ಸಾಕಣೆದಾರ

ಇಬ್ಬರಿಗೂ ಧನ್ಯವಾದಗಳು. ಇಂಥ ಪರೀಕ್ಷೆ ನಡೆಸುವ ಅನುಕೂಲ ನನಗಿಲ್ಲ. ಬೇರೆ ದಾರಿ ಇದೆಯೇ?

ಉತ್ತರ: ನಿವೃತ್ತ ಅಧ್ಯಾಪಕ

ಕಾರ್ಪೆಂಟರ್ ಮತ್ತು ಕ್ಲೆಗ್ 1956ರಲ್ಲಿ ಕೊಟ್ಟ ಸೂತ್ರವಿದೆ. ಶೇಕಡಾ ಪ್ರೋಟೀನ್, ಕೊಬ್ಬಿನ 2.25 ಪಟ್ಟು, ಪಿಷ್ಟದ 1.1 ಪಟ್ಟು ಮತ್ತು ಸಕ್ಕರೆ ಇವುಗಳ ಮೊತ್ತವನ್ನು 38ರಿಂದ ಗುಣಿಸಿ 53 ಕೂಡಿಸಿರಿ. ಪ್ರೋಟೀನ್ 8.5, ಕೊಬ್ಬು 3.8, ಪಿಷ್ಟ 62, ಸಕ್ಕರೆ 2 ಇರುವ ಮೆಕ್ಕೆಜೋಳಕ್ಕೆ ಸುಮಾರು 3,370 ಬರುತ್ತದೆ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ (ಎನ್‌ಆರ್‌ಸಿ) 1994ರ ಕೋಷ್ಟಕದಲ್ಲಿ ಇರುವುದು 3,350. ಕೋಳಿಗೆ ಅಷ್ಟಾಗಿ ದಕ್ಕದ ನಾರಿಗೆ ಇದರಲ್ಲಿ ಜಾಗವೇ ಇಲ್ಲದಿರುವುದನ್ನು ಗಮನಿಸಿ. ಮುಂದಿನ ಸಲ ಪಿಷ್ಟ, ಸಕ್ಕರೆಗಳನ್ನು ಅಳೆಯಿಸಿ, ಜೊತೆಗೆ ಹೊಟ್ಟು, ಮರಳು ಬೆರೆತಿದ್ದರೆ ಹೆಚ್ಚಾಗುವ, ಆಮ್ಲದಲ್ಲಿ ಕರಗದ ಬೂದಿಯನ್ನೂ ಕೇಳಿ. ತೌಡನ್ನು ಬೆರಳುಗಳ ನಡುವೆ ಉಜ್ಜಿದಾಗ ಗರಗರ ಎಂದು ಚುಚ್ಚಿದರೆ ಹೊಟ್ಟು ಬೆರೆತಿರುವ ಸಂಭವ ಹೆಚ್ಚು. ಅಂಥ ಮೂಟೆಗೆ ಯಾವ ಕೋಷ್ಟಕದ ಅಂಕಿಯೂ ಹೊಂದುವುದಿಲ್ಲ.