ಬ್ಯಾಟರಿ ಫ್ರೀಕ್ವೆನ್ಸಿ ಟೆಸ್ಟ್: ಸೆಟ್ಟಿಂಗ್ ಒಂದೇ, ರೆಸ್ಪಾನ್ಸ್ ಮಾತ್ರ ಪ್ರತಿ ಸಲ ಬೇರೆ (ಪುಣೆ)

ಭೋಸರಿ_ಬೆಂಚ್
ತಲೆ ಕೆಟ್ಟು ಹೋಗಿದೆ. ಗ್ರಿಡ್ ಫ್ರೀಕ್ವೆನ್ಸಿ 50 ಹರ್ಟ್ಜ್‌ನಿಂದ ಇಳಿದರೆ ಬ್ಯಾಟರಿ ಪವರ್ ಕೊಡಬೇಕು, ಏರಿದರೆ ಚಾರ್ಜ್ ಆಗಬೇಕು, ಅದರ ಟೆಸ್ಟ್ ಇದು. 100 ಕಿ.ವ್ಯಾ. ಪಿಸಿಎಸ್ (ಬ್ಯಾಟರಿಯನ್ನು ಗ್ರಿಡ್‌ಗೆ ಜೋಡಿಸೋ ಕನ್ವರ್ಟರ್), ಎಲ್‌ಎಫ್‌ಪಿ ಬ್ಯಾಟರಿ, ಡ್ರೂಪ್ 4% (ಫ್ರೀಕ್ವೆನ್ಸಿ ಅಷ್ಟು ಬದಲಾದರೆ ಪೂರ್ತಿ 100 ಕಿ.ವ್ಯಾ.), ಡೆಡ್‌ಬ್ಯಾಂಡ್ ±0.03 ಹರ್ಟ್ಜ್ (ಅದರೊಳಗಿನ ಬದಲಾವಣೆಗೆ ರೆಸ್ಪಾನ್ಸ್ ಇಲ್ಲ). ಗ್ರಿಡ್ ಸಿಮ್ಯುಲೇಟರ್‌ನಿಂದ 50.00ರಿಂದ 49.80ಕ್ಕೆ ಸ್ಟೆಪ್ ಕೊಟ್ಟರೆ ಒಂದು ಸಲ 6ನೇ ಸೆಕೆಂಡಿಗೆ 4.5 ಕಿ.ವ್ಯಾ., 16ನೇ ಸೆಕೆಂಡಿಗೆ 8.5. ಇನ್ನೊಂದು ಸಲ 11 ಸೆಕೆಂಡ್ ಏನೂ ಇಲ್ಲ, ಆಮೇಲೆ ನೇರ 8.5. ನಡುವೆ ಯಾವ ಸೆಟ್ಟಿಂಗೂ ಮುಟ್ಟಿಲ್ಲ. ಲೆಕ್ಕದ ಪ್ರಕಾರ 10 ಬರಬೇಕು, ಅದೂ ಬರ್ತಿಲ್ಲ. ಕ್ಲೈಂಟ್ ಕೇಳ್ತಿರೋದು 1 ಸೆಕೆಂಡ್ ಒಳಗೆ ಪೂರ್ತಿ ಪವರ್.

ಪಿಎಲ್‌ಎಲ್_ಪ್ರಿಯ
ಪಿಎಲ್‌ಎಲ್ (ಪಿಸಿಎಸ್ ಒಳಗೆ ಗ್ರಿಡ್ ಫ್ರೀಕ್ವೆನ್ಸಿ ಹಿಡಿಯೋ ಲೂಪ್) ಬ್ಯಾಂಡ್‌ವಿಡ್ತ್ ನೋಡಿ. ಸಿಮ್ಯುಲೇಟರ್ ಔಟ್‌ಪುಟ್ ಇಂಪೀಡೆನ್ಸ್ ಜಾಸ್ತಿ ಇದ್ದರೆ ಪಿಎಲ್‌ಎಲ್ ತೂಗಾಡುತ್ತೆ, ಲಾಕ್ ತಡವಾಗುತ್ತೆ. ಪ್ರಪೋರ್ಷನಲ್ ಗೇನ್ ಎರಡು ಪಟ್ಟು ಮಾಡಿ ಮತ್ತೆ ಸ್ಟೆಪ್ ಕೊಡಿ.

ಭೋಸರಿ_ಬೆಂಚ್
ಮಾಡಿದೆ. ಒಂದು ಸಲ 3 ಸೆಕೆಂಡಿಗೆ 1.5 ಕಿ.ವ್ಯಾ., 13ಕ್ಕೆ 8.5. ಅರ್ಥವೇ ಆಗ್ತಿಲ್ಲ.

ಪಿಎಲ್‌ಎಲ್_ಪ್ರಿಯ
ಹಾಗಾದ್ರೆ ಇಂಟಿಗ್ರಲ್ ಗೇನ್. ವೋಲ್ಟೇಜ್‌ನಲ್ಲಿ 5ನೇ ಹಾರ್ಮೋನಿಕ್ ಎಷ್ಟಿದೆ? ನಾಚ್ ಫಿಲ್ಟರ್ ಹಾಕಿ ನೋಡಿ.

ಬೆಳಗಾವಿ_ರಿಲೇ
ಹಂಗಲ್ರಿ. ಪಿಎಲ್‌ಎಲ್ ತಪ್ಪಿದ್ರ ನೂರಾರು ಮಿಲಿಸೆಕೆಂಡ್ ಹೋಗತೈತಿ, 11 ಸೆಕೆಂಡ್ ಹೋಗೂದಿಲ್ಲ. ಎರಡು ಪ್ರಶ್ನೆ. ಡ್ರೂಪ್ ಲೆಕ್ಕ ಪಿಸಿಎಸ್ ಒಳಗ ಆಗತೈತೋ, ಹೊರಗ ಪಿಎಲ್‌ಸಿ ಅನ್ನೂ ಬ್ಯಾರೆ ಕಂಟ್ರೋಲರ್‌ನೊಳಗೋ? ಫ್ರೀಕ್ವೆನ್ಸಿ ಎಲ್ಲಿಂದ ತೊಗೋತೀರಿ? ಕೈಯಿಂದ 20 ಕಿ.ವ್ಯಾ. ಸೆಟ್‌ಪಾಯಿಂಟ್ ಕೊಟ್ರ ಪಿಸಿಎಸ್ ಎಷ್ಟೊತ್ತಿಗೆ ಮುಟ್ಟತೈತಿ ಅದನ್ನೂ ಹೇಳ್ರಿ.

ಅಂಧೇರಿ_50
ಇಷ್ಟು ಗಾಬರಿ ಯಾಕೆ? ಎನ್‌ಎಲ್‌ಡಿಸಿಯಿಂದ (ರಾಷ್ಟ್ರೀಯ ಲೋಡ್ ಡಿಸ್ಪ್ಯಾಚ್ ಕೇಂದ್ರ) ಎಜಿಸಿ ಸಿಗ್ನಲ್ (ಪವರ್ ಏರಿಸಿ ಇಳಿಸಿ ಅನ್ನೋ ಆಟೋಮ್ಯಾಟಿಕ್ ಆದೇಶ) ಬರೋದೇ 4 ಸೆಕೆಂಡಿಗೊಮ್ಮೆ. 30 ಸೆಕೆಂಡ್ ಒಳಗೆ ಶುರುವಾಗಿ 15 ನಿಮಿಷದಲ್ಲಿ ಪೂರ್ತಿ ಬಂದರೆ ಸಾಕು.

ಬೆಳಗಾವಿ_ರಿಲೇ
ಅದು ಸೆಕೆಂಡರಿ ರಿಸರ್ವ್‌ದು. ಇವರು ಮಾಡ್ತಿರೋದು ಪ್ರೈಮರಿ, ಜಾಗದಾಗ ಅಳೆದು ಜಾಗದಾಗ ಕೊಡೂದು. ಎರಡನ್ನ ಕೂಡಿಸಬ್ಯಾಡ್ರಿ.

ಭೋಸರಿ_ಬೆಂಚ್
ಲೆಕ್ಕ ಪಿಎಲ್‌ಸಿಯಲ್ಲಿ. ಫ್ರೀಕ್ವೆನ್ಸಿ ಪ್ಯಾನೆಲ್‌ನ ಪವರ್ ಕ್ವಾಲಿಟಿ ಮೀಟರ್‌ನಿಂದ, ಮಾಡ್‌ಬಸ್ ಆರ್‌ಟಿಯು (ಸೀರಿಯಲ್ ಸಂಪರ್ಕ), 9600 ಬಾಡ್, 100 ಮಿ.ಸೆ. ಪೋಲಿಂಗ್. ಮೀಟರ್ ಕ್ಲಾಸ್ ಎ, ಅದರಲ್ಲಿ ಅನುಮಾನ ಬೇಡ. ಕೈಯಿಂದ ಕೊಟ್ಟರೆ ಪಿಸಿಎಸ್ 180 ಮಿ.ಸೆ.ಗೆ ಮುಟ್ಟುತ್ತೆ.

ಪಿಎಲ್‌ಎಲ್_ಪ್ರಿಯ
9600! ಅಲ್ಲೇ ಇದೆ ನೋಡಿ ತೊಂದರೆ.

ಬೆಳಗಾವಿ_ರಿಲೇ
ಇಲ್ರಿ. ಎರಡು ರಿಜಿಸ್ಟರ್ ಓದಾಕ 8 ಬೈಟ್ ಹೋಗತಾವ, 9 ಬೈಟ್ ಬರತಾವ. 170 ಬಿಟ್ ಅಂದ್ರ ಸುಮಾರು 18 ಮಿ.ಸೆ., ಅಷ್ಟ. ತೊಂದರೆ ಇರೋದು ಕ್ಲಾಸ್ ಎ ಒಳಗ. ಐಇಸಿ 61000-4-30ರ ಪ್ರಕಾರ ಕ್ಲಾಸ್ ಎ ಫ್ರೀಕ್ವೆನ್ಸಿ ಅಂದ್ರ 10 ಸೆಕೆಂಡಿನ ಸರಾಸರಿ. ನೀವು ಸೆಕೆಂಡಿಗೆ ಹತ್ತು ಸಲ ಹಳೇ ಅಂಕೀನ ಓದಾಕತ್ತೀರಿ.

ನಿಮ್ಮ ಅಂಕಿಗಳೇ ಹೇಳತಾವ. ಆ 10 ಸೆಕೆಂಡಿನ ಕಿಟಕಿ ಮುಗಿಯೂದಕ್ಕ 6 ಸೆಕೆಂಡ್ ಇದ್ದಾಗ ಸ್ಟೆಪ್ ಬಿದ್ರ ಸರಾಸರಿ 50 − 0.2×6/10 = 49.88. ಡೆಡ್‌ಬ್ಯಾಂಡ್ ಕಳೆದ್ರ 0.09. ಡ್ರೂಪ್ 4% ಅಂದ್ರ 2 ಹರ್ಟ್ಜ್‌ಗೆ 100 ಕಿ.ವ್ಯಾ., ಹಂಗಾಗಿ 4.5. ಮುಂದಿನ ಕಿಟಕಿ ಪೂರ್ತಿ 49.80, ಅದಕ್ಕ 16ನೇ ಸೆಕೆಂಡಿಗೆ 8.5. 3 ಸೆಕೆಂಡ್ ಇದ್ದಾಗ ಬಿದ್ರ 49.94, ಅಂದ್ರ 1.5. ಒಂದೇ ಸೆಕೆಂಡ್ ಉಳಿದಿದ್ರ 49.98, ಡೆಡ್‌ಬ್ಯಾಂಡ್ ಒಳಗ, ಏನೂ ಇಲ್ಲ. 11ಕ್ಕ ನೇರ 8.5. ಮೂರೂ ಕೂತವು.

ಮೀಟರ್ ಬಿಟ್ಟು ಪಿಸಿಎಸ್‌ನ ಪಿಎಲ್‌ಎಲ್ ಫ್ರೀಕ್ವೆನ್ಸಿ ರಿಜಿಸ್ಟರ್ ಓದ್ರಿ, ಫ್ಲೋಟ್ (ದಶಮಾಂಶದ ಪೂರ್ತಿ ಅಂಕಿ) ಇದ್ರ ಫ್ಲೋಟ್. ಮೊದಲು ತಿರುಗಿಸಿದ ಗೇನ್ ಎಲ್ಲಾ ಹಳೇದಕ್ಕ ತರ್ರಿ.

ವೆರ್ಣಾ_ಗೋವಾ
ಇಂಥದ್ದಕ್ಕೆಲ್ಲ ಪಿಎಂಯು (ಜಿಪಿಎಸ್ ಸಮಯಕ್ಕೆ ಹೊಂದಿಸಿ ಗ್ರಿಡ್ ಅಳೆಯೋ ಉಪಕರಣ) ಇಟ್ಟುಬಿಡಬೇಕು. ನಮ್ಮ ಬೆಂಚ್‌ನಲ್ಲಿ ಜಿಪಿಎಸ್ ಕ್ಲಾಕ್, ಸೆಕೆಂಡಿಗೆ 50 ಫ್ರೇಮ್, 60 ಕೆವಿಎ ರಿಜನರೇಟಿವ್ (ಪವರ್ ವಾಪಸ್ ತಗೊಳ್ಳಬಲ್ಲ) ಸಿಮ್ಯುಲೇಟರ್, 16 ಚಾನೆಲ್ ರೆಕಾರ್ಡರ್. ನಿಮ್ಮ ಸಿಮ್ಯುಲೇಟರ್ ರಿಜನರೇಟಿವ್ ತಾನೆ? ಅಲ್ಲದಿದ್ದರೆ ಬ್ಯಾಟರಿ ಡಿಸ್ಚಾರ್ಜ್ ಆದ ಕೂಡಲೇ ಅದರ ಡಿಸಿ ಬಸ್ ಏರಿ ಟ್ರಿಪ್ ಆಗುತ್ತೆ.

ಭೋಸರಿ_ಬೆಂಚ್
ರಿಜನರೇಟಿವ್, 30 ಕೆವಿಎ. ±0.5 ಹರ್ಟ್ಜ್ ಕೊಟ್ಟರೂ 23.5 ಕಿ.ವ್ಯಾ., ಸಾಕು.
ರಿಜಿಸ್ಟರ್ ಬದಲಾಯಿಸಿದೆ. 0.4 ಸೆಕೆಂಡಿಗೆ ಪೂರ್ತಿ ಪವರ್, ಪ್ರತಿ ಸಲ ಅದೇ! ಪಿಎಲ್‌ಸಿಯಲ್ಲಿ ಡೆಡ್‌ಬ್ಯಾಂಡ್ ಕಳೆಯೋದನ್ನು ತೆಗೆದೆ, 10 ಕಿ.ವ್ಯಾ. ಕೂಡ ಬಂತು. ಆದರೆ ಈಗ ನಿಜವಾದ ಗ್ರಿಡ್‌ಗೆ ಹಾಕಿದರೆ 49.97ರ ಹತ್ತಿರ 0, 2, 0, 2 ಅಂತ ಕುಣೀತಿದೆ.

ಅಂಧೇರಿ_50
ಡೆಡ್‌ಬ್ಯಾಂಡ್ ಕಳೆಯಲೇಬಾರದು. 0.03 ದಾಟಿದ ಮೇಲೆ 50.00ರಿಂದಲೇ ಲೆಕ್ಕ ಹಿಡಿದರೆ ಗ್ರಿಡ್‌ಗೆ ಜಾಸ್ತಿ ನೆರವು.

ಬೆಳಗಾವಿ_ರಿಲೇ
ನೆರವು ಜಾಸ್ತಿ ಖರೆ, ಆದ್ರ ಅಂಚಿನಾಗ ಗೋಡೆ ನಿಂತಂಗ. ರಿಜಿಸ್ಟರ್ 0.01ರ ಲೆಕ್ಕದಾಗ ಇದ್ರ 49.97ಕ್ಕ ಸೊನ್ನಿ, 49.96ಕ್ಕ ಒಮ್ಮೆಲೇ 2 ಕಿ.ವ್ಯಾ. ಅದ ಈ ಕುಣಿತ. ಕಳೆದ್ರ ಅಲ್ಲಿ ಬರೋದು 0.5 ಅಷ್ಟ.

ಅಂಧೇರಿ_50
ಹಿಸ್ಟರಿಸಿಸ್ (ಆನ್ ಆಗೋಕೆ ಒಂದು ಮಿತಿ, ಆಫ್ ಆಗೋಕೆ ಇನ್ನೊಂದು) ಹಾಕಿದರೆ ಆಯ್ತು. ಅದಕ್ಕಾಗಿ 1.5 ಕಿ.ವ್ಯಾ. ಬಿಟ್ಟುಕೊಡೋದು ನನಗೆ ಒಪ್ಪಿಗೆ ಇಲ್ಲ.

ಪಿಎಲ್‌ಎಲ್_ಪ್ರಿಯ
ಕುಣಿತಕ್ಕೆ ಪಿಎಲ್‌ಎಲ್ ನಾಯ್ಸೂ ಕಾರಣ ಇರಬಹುದು. 100 ಮಿ.ಸೆ. ಲೋ-ಪಾಸ್ ಫಿಲ್ಟರ್ ಹಾಕಿ. ಅದಕ್ಕಿಂತ ದೊಡ್ಡದು ಬೇಡ, 1 ಸೆಕೆಂಡಿನ ಲೆಕ್ಕ ಅದರಲ್ಲೇ ಖರ್ಚಾಗುತ್ತೆ.

ಬೆಳಗಾವಿ_ರಿಲೇ
ಆ ಫಿಲ್ಟರ್ ಮಾತು ಒಪ್ಪಿದೆ. ಭೋಸರಿಯವರೇ, ಡೆಡ್‌ಬ್ಯಾಂಡ್ ಕಳೀರಿ, ಸೂತ್ರಾನ ಟೆಸ್ಟ್ ಶೀಟ್‌ನಾಗ ಬರದು ಕ್ಲೈಂಟ್ ಸಹಿ ಮೊದಲ ತೊಗೋರಿ, ಇಲ್ಲಾಂದ್ರ 8.5ನೋ 10ನೋ ಅಂತ ಅಲ್ಲೇ ಜಗಳ ಶುರು ಆಗತೈತಿ. ಸಿಮ್ಯುಲೇಟರ್‌ನ ಟ್ರಿಗರ್ ಔಟ್‌ಪುಟ್‌ಗೆ ಒಂದು ವೈರ್ ಎಳೆದು, ಕರೆಂಟ್ ಕ್ಲ್ಯಾಂಪ್ ಹಾಕಿದ ರೆಕಾರ್ಡರ್‌ಗೇ ಕೊಡ್ರಿ. ಪಿಎಲ್‌ಸಿ ಲಾಗ್ ಒಂದು ಗಡಿಯಾರ, ಸಿಮ್ಯುಲೇಟರ್ ಇನ್ನೊಂದು ಗಡಿಯಾರ ಅಂದ್ರ ಆ 0.4 ಯಾರೂ ನಂಬೂದಿಲ್ಲ. 50.20ರ ಸ್ಟೆಪ್ಪೂ ಮಾಡ್ರಿ, ಚಾರ್ಜ್ ಕಡೆ 8.5 ಬರಬೇಕು. ಎಸ್‌ಒಸಿ (ಬ್ಯಾಟರಿ ಚಾರ್ಜ್ ಮಟ್ಟ) 50%ರ ಸುತ್ತ ಇರಲಿ. ಬ್ಯಾಟರಿ ತುಂಬಿದಂಗ ಬಿಎಂಎಸ್ (ಬ್ಯಾಟರಿ ಕಾಯೂ ಕಂಟ್ರೋಲರ್) ಚಾರ್ಜ್ ಮಿತಿ ಇಳಿಸತೈತಿ, ಆವಾಗ ಪವರ್ ಕಡಿಮಿ ಬಂದ್ರ ಡ್ರೂಪ್ ಸೂತ್ರದಾಗ ತಪ್ಪು ಹುಡುಕ್ಕೋತ ಕುಂದರತೀರಿ.

ವೆರ್ಣಾ_ಗೋವಾ
ಸ್ಟೆಪ್ ಕೊಡುವಾಗ ಪಿಸಿಎಸ್‌ನ ಆಂಟಿ-ಐಲ್ಯಾಂಡಿಂಗ್ (ಗ್ರಿಡ್ ಹೋದರೆ ತಾನೇ ಆಫ್ ಆಗೋ ರಕ್ಷಣೆ) ರೇಟ್-ಆಫ್-ಚೇಂಜ್ ಮಿತಿ, ಅಂದರೆ ಫ್ರೀಕ್ವೆನ್ಸಿ ಬದಲಾಗೋ ವೇಗದ ಮಿತಿ, ಎಷ್ಟಿದೆ ನೋಡಿಕೊಳ್ಳಿ. 0.2ಕ್ಕೆ ಉಳಿದದ್ದು 0.5ಕ್ಕೆ ಟ್ರಿಪ್ ಆಗಬಹುದು. ನಮ್ಮ 16 ಚಾನೆಲ್ ರೆಕಾರ್ಡರ್‌ನ ಫೋಟೋ ಬೇಕಾದವರಿಗೆ ಬೇರೆ ಥ್ರೆಡ್‌ನಲ್ಲಿ ಹಾಕ್ತೀನಿ.

ಭೋಸರಿ_ಬೆಂಚ್
ಮಿತಿ 1 ಹರ್ಟ್ಜ್/ಸೆಕೆಂಡ್ ಇದೆ. ಹಾಗಾದ್ರೆ 0.5ರ ಟೆಸ್ಟ್ ಸ್ಟೆಪ್ ಬದಲು 1 ಸೆಕೆಂಡಿನ ರ‍್ಯಾಂಪ್ ಮಾಡಲಾ? ಆಗ 1 ಸೆಕೆಂಡ್ ಒಳಗೆ ಅನ್ನೋದನ್ನ ರ‍್ಯಾಂಪ್ ಶುರುವಿಂದ ಎಣಿಸೋದಾ, ಕೊನೆಯಿಂದಾ?